ಅವ್ವನ ಅಲಾಸ್

ಶಹಾಪುರದ ಸರ್ಕಾರಿ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಲು ಶುರು ಮಾಡಿ ನನಗೆ ಇಪ್ಪತ್ತಾರು ವರ್ಷವಾಯಿತು. ಪ್ರತಿ ವರ್ಷ ಒಂದು ದಿನ ಬೋರ್ಡಿನ ಮೇಲೆ ಉದ್ಗಾರದ ಶಬ್ದಗಳನ್ನು ಬರೆಯುತ್ತೇನೆ. ಸಂತೋಷಕ್ಕೆ ಹುರ್ರೇ, ಮೆಚ್ಚುಗೆಗೆ ಬ್ರಾವೋ, ದುಃಖಕ್ಕೆ ಅಲಾಸ್. ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಹೋದ ವರ್ಷ ಮಾತ್ರ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಟೀಚರ್ರೀ, ಈ ಅಲಾಸ್ ಅನ್ನೋದನ್ನ ಖರೇನ ಯಾರರ ಅಂತಾರೇನ್ರಿ? ಮೊಬೈಲಿನಾಗ ನೋಡಿದ್ರ ಇಂಗ್ಲಿಷ್ ಮಂದಿನೂ ಅನ್ನಂಗಿಲ್ರಿ."

ಹುಡುಗಿ ಹೇಳಿದ್ದು ಸುಳ್ಳಲ್ಲ. ಈಗ ಕಾಲು ತುಳಿದರೂ ಸಾರಿ, ಗಂಡ ಸತ್ತರೂ ಸಾರಿ. ವಾಟ್ಸಪ್ಪಿನಲ್ಲಿ ಸಾವಿಗೆ ಆರ್ ಐ ಪಿ ಎಂಬ ಮೂರೇ ಅಕ್ಷರ ಸಾಕು, ಕೆಳಗೆ ಕೈಮುಗಿದ ಚಿತ್ರ. ಅಲಾಸ್ ಉಳಿದಿರುವುದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ. ನಾನು, "ಪರೀಕ್ಷಾದಾಗ ಕೇಳ್ತಾರ, ಬರಕೋ" ಎಂದು ಗದರಿ ಕೂರಿಸಿದೆ. ಆದರೆ ಆ ಶಬ್ದವನ್ನು ದಿನಬಳಕೆಗೆ ಹಚ್ಚಿದ್ದ ಒಬ್ಬಳನ್ನು ನಾನು ಬಲ್ಲೆ. ಅವಳು ನಮ್ಮವ್ವ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕ್ಲಾಸಿನಲ್ಲಿ ಅವಳ ಮಾತು ತೆಗೆಯಲಿಲ್ಲ, ಯಾಕೆಂದರೆ ಅವ್ವನ ಮಾತು ತೆಗೆದರೆ ತಂಗಿಯ ಮಾತೂ ಬರುತ್ತದೆ. ತಂಗಿಯ ಮಾತು ಬಂತೆಂದರೆ ನನ್ನ ಹೊಟ್ಟೆಕಿಚ್ಚು ಹೊರಗೆ ಬೀಳುತ್ತದೆ.

ನಮ್ಮೂರು ಸುರಪುರ ಮತ್ತು ಹುಣಸಗಿಯ ನಡುವೆ, ಕಾಲುವೆ ನೀರು ಹರಿಯುವ ಕಡೆಗಿದೆ. ಏಳನೇ ತರಗತಿಯಲ್ಲಿದ್ದಾಗ ನಾನು ಸಂಜೆ ಒಲೆಯ ಮುಂದೆ ಕೂತು ಪಾಠ ಒಪ್ಪಿಸುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಸದ್ದಿನ ತಾಳಕ್ಕೆ ನನ್ನ ಶಬ್ದಾರ್ಥ ಹೊಂದಿಕೊಂಡು ಹೋಗುತ್ತಿತ್ತು. ತಂಗಿ ನನಗಿಂತ ಐದು ವರ್ಷ ಸಣ್ಣವಳು. ಆ ಹೊತ್ತಿಗೆ ಓಣಿಯಲ್ಲಿ ಕುಣಿಯುತ್ತಿದ್ದಳು, ಇಲ್ಲವೇ ಉಂಡು ಮಲಗಿರುತ್ತಿದ್ದಳು. ಇದನ್ನು ಒತ್ತಿ ಹೇಳುವುದು ಯಾಕೆಂದರೆ, ಒಲೆಯ ಮುಂದೆ ಇದ್ದವರು ನಾನು ಮತ್ತು ಅವ್ವ ಇಬ್ಬರೇ. ಅಲ್ಲಿ ಮೂರನೆಯವರಿರಲಿಲ್ಲ.

ಅಲಾಸ್ ಅಂದರೆ ಅಯ್ಯೋ ಎಂದು ಒಪ್ಪಿಸಿದ ದಿನ ಅವ್ವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಯ್ಯೋ ಅನ್ನಾಕ ಇಂಗ್ಲಿಷ್ ಯಾಕ ಬೇಕಾತು?"

"ಅವರಿಗೂ ದುಃಖ ಆಗ್ತದಲ್ಲಬೇ."

ಅವ್ವ ಅದನ್ನು ಒಪ್ಪಿಕೊಂಡವಳಂತೆ ಮತ್ತೆ ರೊಟ್ಟಿ ಬಡಿಯತೊಡಗಿದಳು. ಒಂದೆರಡು ದಿನ ಕಳೆದಿರಬೇಕು. ದೀಪ ಹಚ್ಚುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ನಮ್ಮ ಕಡೆ ದೀಪದ ಹೊತ್ತಿನಲ್ಲಿ ಅಯ್ಯೋ ಅನ್ನಬಾರದು, ಮನೆಗೆ ಒಳ್ಳೆಯದಲ್ಲ. ಅದೂ ಅಲ್ಲದೆ ಒಂದು ಮನೆಯಲ್ಲಿ ಅಯ್ಯೋ ಅಂದರೆ ಆಚೀಚಿನ ನಾಲ್ಕು ಮನೆಯ ಹೆಂಗಸರು ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಾರೆ. ಅವ್ವ ಬಾಯಿಗೆ ಬಂದ ಅಯ್ಯೋವನ್ನು ನುಂಗಿದಳು. ನನ್ನತ್ತ ವಾರೆಗಣ್ಣಿನಿಂದ ನೋಡಿ, ಮೆಲ್ಲಗೆ, "ಅಲಾಸ್" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚೆಲ್ಲಿದ ಹಾಲು ಒರೆಸುವುದಕ್ಕೂ ಏಳಲಿಲ್ಲ.

"ಇದು ಛಲೋ ಐತಿ ನೋಡು" ಅಂದಳು ಅವ್ವ. "ಅಯ್ಯೋ ಅಂದ್ರ ಓಣಿ ಮಂದಿ ಓಡಿ ಬರ್ತಾರ. ಇದನ್ನ ಅಂದ್ರ ಯಾರೂ ಬರಂಗಿಲ್ಲ."

ಅಂದಿನಿಂದ ಆ ಶಬ್ದ ನಮ್ಮಿಬ್ಬರದಾಯಿತು. ರೊಟ್ಟಿ ಸೀದರೆ ಅಲಾಸ್. ಕೋಳಿಮರಿಯನ್ನು ಬೆಕ್ಕು ಹೊತ್ತೊಯ್ದರೆ ಅಲಾಸ್. ಅಪ್ಪ ಬಯಲಾಟ ನೋಡಲು ಹೋಗಿ ಎರಡು ದಿನ ಬರದಿದ್ದರೂ ಅವ್ವ ಗೋಡೆಯ ಕಡೆ ತಿರುಗಿ ಅದನ್ನೇ ಅನ್ನುತ್ತಿದ್ದಳು. ನಾನಾಗಲೇ ಅರ್ಧ ಟೀಚರು. ಅವಳನ್ನು ತಿದ್ದಲು ಹೋದೆ.

"ಯವ್ವಾ, ಇದನ್ನ ಹಾಲಿಗೆ, ರೊಟ್ಟಿಗೆ ಅನ್ನಬಾರದು. ದೊಡ್ಡ ದುಃಖಕ್ಕ ಅನ್ನಬೇಕು. ಯಾರರ ಸತ್ರ ಅನ್ನಬೇಕು."

"ಸತ್ರ ಬಾಯಿ ತುಂಬ ಅಳ್ತೀವಿ, ಮಂದಿ ಕೂಡಿರ್ತಾರ. ಅಲ್ಲಿ ಇದು ಯಾಕ ಬೇಕು? ಇದು ಒಬ್ಬಾಕೇ ಇದ್ದಾಗಿನ ದುಃಖಕ್ಕ."

ಎಂಟನೇ ತರಗತಿಗೆ ನನ್ನನ್ನು ಸುರಪುರದ ಹಾಸ್ಟೆಲಿಗೆ ಹಾಕಿದರು. ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಏರಿಸುತ್ತಿದ್ದ. ಓಣಿಯ ಹೆಂಗಸರು ಕಳಿಸಲು ಬಂದಿದ್ದರು. ಹುಡುಗಿ ಕಲಿಯಲು ಹೊರಟಾಗ ಅಳುವುದು ಅಪಶಕುನ, ಹಾಗಾಗಿ ಅವ್ವ ಒಂದು ಹನಿ ಕೆಡವಲಿಲ್ಲ. ಕಿಟಕಿಯ ಸರಳು ಹಿಡಿದು, ಮುಖ ಹತ್ತಿರ ತಂದು, ನನಗಷ್ಟೇ ಕೇಳುವಂತೆ, "ಅಲಾಸ್" ಅಂದಳು. ಹಾಲು ಉಕ್ಕಿದ ದಿನ ನೆನಪಾಗಿ ನಾನು ಗೊಳ್ಳೆಂದು ನಕ್ಕೆ. ಬಸ್ಸು ಹೊರಟಿತು. ಆಮೇಲಿನ ವರ್ಷಗಳಲ್ಲಿ ಅವ್ವನದೆಂದು ನನ್ನ ಹತ್ತಿರ ಇದ್ದ ಆಸ್ತಿ ಅಂದರೆ ಅದೊಂದೇ. ಅದು ನನ್ನೊಬ್ಬಳದೇ ಎಂದು ನಂಬಿಕೊಂಡಿದ್ದೆ.

ಉಳಿದ ಅವ್ವನೆಲ್ಲ ತಂಗಿಗೆ ಹೋದಳು. ತಂಗಿ ಏಳನೇ ತರಗತಿಗೆ ಶಾಲೆ ಬಿಟ್ಟಳು. ಸೋದರಮಾವನ ಮಗನಿಗೇ ಕೊಟ್ಟರು, ಅದೇ ಊರು, ಎರಡು ಓಣಿ ಆಚೆ. ಅವಳು ಹೊಸ ಮಡಕೆ ಕೊಂಡರೂ ಅವ್ವನನ್ನು ಕರೆದು ತೋರಿಸಿ ಕೊಳ್ಳುವಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಅವಳ ಮನೆಗೇ ಹೋಗಿಬಿಟ್ಟಳು, ಹತ್ತು ವರ್ಷ ಅಲ್ಲೇ ಇದ್ದಳು. ನಾನು ಶಹಾಪುರಕ್ಕೆ ಕರೆದೆ. ಬಂದಳು, ಎಂಟು ದಿನ ಇದ್ದಳು. ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಕೂತು, "ಇಲ್ಲಿ ನೆಲನ ಇಲ್ಲಲ್ಲ ಯವ್ವಾ" ಅಂದು ಹೊರಟು ನಿಂತಳು. ತಂಗಿಯ ಮನೆಯ ಮುಂದೆ ಬಸ್ಸು ನಿಲ್ಲುವ ಜಾಗದತ್ತ ಮುಖ ಮಾಡಿದ ಒಂದು ಕಟ್ಟೆಯಿದೆ. ಅವ್ವನಿಗೆ ಆ ಕಟ್ಟೆ ಬೇಕಿತ್ತಂತೆ. ನನಗಿಂತ ಆ ಕಟ್ಟೆ ಹೆಚ್ಚಾಯಿತು ಎಂದು ನಾನು ಒಂದು ತಿಂಗಳು ಸಿಟ್ಟಿನಲ್ಲಿದ್ದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ತಂಗಿಗೆ ಇನ್ನೊಂದು ವಿದ್ಯೆ ಒಲಿದಿತ್ತು. ಅವಳು ಸತ್ತವರ ಮುಂದೆ ಹಾಡಿಕೊಂಡು ಅಳುವುದರಲ್ಲಿ ಎತ್ತಿದ ಕೈ. ನಮ್ಮ ಕಡೆ ಹೆಂಗಸರು ಸುಮ್ಮನೆ ಕಣ್ಣೀರು ಹಾಕುವುದಿಲ್ಲ. ಸತ್ತವರ ಗುಣ, ಸಂಕಟ, ಉಂಡದ್ದು, ಉಣಿಸಿದ್ದು ಎಲ್ಲವನ್ನೂ ರಾಗಕ್ಕೆ ಹಚ್ಚಿ ಹೇಳುತ್ತ ಅಳುತ್ತಾರೆ. ತಂಗಿ ಕೂತಳೆಂದರೆ ಉಳಿದವರು ಬಾಯಿ ಮುಚ್ಚಿ ಕೇಳುತ್ತಾರೆ. ಹಿಟ್ಟಿನ ಗಿರಣಿಯ ಮುದುಕಿ ಸತ್ತಾಗ ಅವಳು, "ಊರ ಹಿಟ್ಟೆಲ್ಲ ಬೀಸಿ ಕೊಟ್ಟೆವ್ವಾ, ನಿನ್ನ ತಲಿ ಬೆಳ್ಳಗಾದದ್ದು ಹಿಟ್ಟಿಗೋ ವಯಸ್ಸಿಗೋ ಕೇಳದಾದೆವವ್ವಾ" ಎಂದು ಅತ್ತಳಂತೆ. ಊರಿನ ಗಂಡಸರೂ ರುಮಾಲಿನಿಂದ ಕಣ್ಣೊರೆಸಿಕೊಂಡರಂತೆ. ಇದನ್ನು ನನಗೆ ಫೋನಿನಲ್ಲಿ ವರದಿ ಮಾಡಿದವಳು ಅವ್ವ. ಅವಳ ದನಿಯಲ್ಲಿ ಹೆಮ್ಮೆ ಕುಣಿಯುತ್ತಿತ್ತು. ನನಗೆ ಜಿಲ್ಲಾ ಮಟ್ಟದ ಉತ್ತಮ ಶಿಕ್ಷಕಿ ಎಂದು ಶಾಲು ಹೊದಿಸಿದ್ದು ಅದೇ ವಾರ. ಆ ಸುದ್ದಿಗೆ ಅವ್ವ, "ಛಲೋ ಆತು. ಶಾಲು ಉಣ್ಣಿದೋ, ನೂಲಿಂದೋ?" ಎಂದಷ್ಟೇ ಕೇಳಿದ್ದಳು.

ಒಮ್ಮೆ ಅತ್ತೆಯೊಬ್ಬರ ಮಣ್ಣು ಮುಗಿಸಿ ಮೂವರೂ ನಡೆದು ಬರುತ್ತಿದ್ದೆವು. ತಂಗಿ ಅಂದೂ ಊರೆಲ್ಲ ಕರಗುವಂತೆ ಅತ್ತಿದ್ದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ, ಅಷ್ಟೇ. ಅವ್ವ ತಂಗಿಯ ಬೆನ್ನ ಮೇಲೆ ಕೈಯಾಡಿಸುತ್ತ, "ನನ್ನ ಸಾವಿನ ಚಿಂತಿ ಇಲ್ಲ ನನಗ. ಸಣ್ಣಾಕಿ ಬರೋಬ್ಬರಿ ಅಳ್ತಾಳ" ಅಂದಳು.

"ನಾ ಅಳಂಗಿಲ್ಲೇನು?" ಎಂದೆ.

"ನೀ ಕಲ್ತಾಕಿ ಯವ್ವಾ. ನಿನಗ್ಯಾಕ ಬೇಕು ಇದೆಲ್ಲ?"

ಅವಳು ಅದನ್ನು ಹೊಗಳಿಕೆ ಎಂದೇ ಹೇಳಿದಳು. ನನಗೆ ಹಾಗೆ ಕೇಳಿಸಲಿಲ್ಲ. ಅಳುವ ಕೆಲಸವನ್ನೂ ತಂಗಿಗೆ ಬರೆದುಕೊಟ್ಟಾಗಿತ್ತು. ಅಂದೇ ಸಂಜೆಯ ಬಸ್ಸಿಗೆ ಶಹಾಪುರಕ್ಕೆ ವಾಪಸಾದೆ. ಆಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು. ಪರೀಕ್ಷೆ, ಮೌಲ್ಯಮಾಪನ, ಚುನಾವಣೆ ಕೆಲಸ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಈ ಐತವಾರ ಬರ್ತೀನಿ, ಬರೋ ಐತವಾರ ಬರ್ತೀನಿ ಅನ್ನುತ್ತಿದ್ದೆ. ಕೆಲಸ ಇದ್ದದ್ದು ನಿಜ. ತಂಗಿ ಅವ್ವನ ತಲೆ ಬಾಚುವುದನ್ನು, ಎಲೆ ಅಡಿಕೆ ಕುಟ್ಟಿ ಕೈಗೆ ಕೊಡುವುದನ್ನು ಅತಿಥಿಯ ಹಾಗೆ ಕುರ್ಚಿಯಲ್ಲಿ ಕೂತು ನೋಡಲಾರದೆ ಹೋಗಲಿಲ್ಲ ಎಂಬುದು ಅದಕ್ಕಿಂತ ನಿಜ.

ಅವ್ವ ಸತ್ತ ಸುದ್ದಿ ಬಂದದ್ದು ಎರಡು ವರ್ಷದ ಹಿಂದೆ, ಎರಡನೇ ಪಿರಿಯಡ್ಡಿನಲ್ಲಿ. ಬೆಳಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವಳು ಹಾಗೇ ಹೋಗಿದ್ದಳು. ಉರ್ದು ಕಲಿಸುವ ಗೆಳತಿ ನನ್ನ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡು, "ಜಲ್ದಿ ಹೋಗ್ರಿ, ಕ್ಲಾಸ್ ನಾ ನೋಡ್ಕೋತೀನಿ" ಎಂದು ಸ್ಟ್ಯಾಂಡಿನ ತನಕ ಬಂದು ಬಸ್ಸು ಹತ್ತಿಸಿದಳು. ನನ್ನವರು ಯಾದಗಿರಿಯ ಕಚೇರಿಯಿಂದ ನೇರವಾಗಿ ಊರಿಗೆ ಬರುತ್ತೇನೆ ಅಂದರು. ಸುರಪುರದ ತನಕ ಕಿಟಕಿ ಪಕ್ಕ ಒಬ್ಬಳೇ ಕೂತೆ. ಆಗ ನನ್ನ ತಲೆಯಲ್ಲಿ ಏನಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಅವ್ವ ಹೋದಳು ಎಂಬುದು ಇನ್ನೂ ಒಳಗೆ ಇಳಿದಿರಲಿಲ್ಲ. ತಂಗಿಗಿಂತ ಛಲೋ ಅಳಬೇಕು ಎಂಬುದೊಂದೇ ಇತ್ತು.

ಹೊರಗಿನಿಂದ ಬರುವ ಮಗಳು ಊರ ಅಗಸಿಯಿಂದಲೇ, ಅಂದರೆ ಊರಬಾಗಿಲಿಂದಲೇ, ದನಿ ತೆಗೆದು ಅಳುತ್ತ ಬರಬೇಕು. ಅದು ನಮ್ಮ ಕಡೆಯ ರೂಢಿ. ಹಿರಿಮಗಳು ಹೇಗೆ ಬಂದಳು, ಎಲ್ಲಿಂದ ಅಳು ಎತ್ತಿದಳು, ಅವ್ವನಿಗೆ ಏನೇನು ಅಂದಳು ಎಂಬುದನ್ನು ಊರು ವರ್ಷಗಟ್ಟಲೆ ನೆನಪಿಡುತ್ತದೆ. ತಯಾರಿ ಇಲ್ಲದೆ ಕ್ಲಾಸಿಗೆ ಹೋಗುವವಳು ನಾನಲ್ಲ. ಬ್ಯಾಗಿನಲ್ಲಿ ಕಿರುಪರೀಕ್ಷೆಯ ಒಂದು ಪ್ರಶ್ನೆಪತ್ರಿಕೆಯಿತ್ತು. ಅದನ್ನು ಮಗುಚಿ, ಕೈಗೆ ಸಿಕ್ಕ ಕೆಂಪು ಪೆನ್ನಿನಲ್ಲಿ ಅಳುವಿನ ಟಿಪ್ಪಣಿ ಬರೆದುಕೊಂಡೆ. ಒಂದು, ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ನನ್ನ ತಲೆಗೆ ಹಾಕಿ ತಾನು ನೆನೆಯುತ್ತ ಶಾಲೆಗೆ ಬಿಟ್ಟದ್ದು. ಎರಡು, ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ದವಾಖಾನೆಗೆ ನಡೆದದ್ದು. ಮೂರು, ಹಾಸ್ಟೆಲಿಗೆ ಪ್ರತಿ ವಾರ ಬಸ್ಸಿನ ಡ್ರೈವರನ ಕೈಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದು. ನಾಲ್ಕು, ಅಲಾಸ್. ನಾಲ್ಕನೆಯದರ ಕೆಳಗೆ ಎರಡು ಗೆರೆ ಎಳೆದೆ. ತಂಗಿ ಎಷ್ಟೇ ಹಾಡಲಿ, ಅದು ಅವಳ ಹತ್ತಿರ ಇರಲಿಲ್ಲ. ಅದನ್ನು ಕೊನೆಗೆ, ಮಣ್ಣಿಗೆ ಎತ್ತುವ ಮುಂಚೆ, ಅವ್ವನ ಕಿವಿಯಲ್ಲಿ ಅನ್ನುವುದೆಂದು ನಿಶ್ಚಯಿಸಿದೆ.

ಸುರಪುರದಲ್ಲಿ ಬಸ್ಸು ಬದಲಿಸಿ ಊರ ಅಗಸಿಯಲ್ಲಿ ಇಳಿದೆ. ಏಳೆಂಟು ಹೆಂಗಸರು ನನ್ನ ದಾರಿ ಕಾಯುತ್ತ ನಿಂತಿದ್ದರು. ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕಾಗದದ ಮೇಲಿನ ನಾಲ್ಕೂ ಅಂಶ ಕಣ್ಣ ಮುಂದಿದ್ದವು, ಆದರೆ ಯಾವುದಕ್ಕೂ ರಾಗ ಹತ್ತಲಿಲ್ಲ. ಹೆಂಗಸರು ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಎರಡೂ ರಟ್ಟೆ ಹಿಡಿದು ನಡೆಸಿಕೊಂಡು ಹೊರಟರು. ಹಿಂದಿನಿಂದ ಒಬ್ಬ ಮುದುಕಿ, "ಸಾಲಿ ಕಲ್ತ ಮಂದಿ, ಒಳಗೊಳಗ ಅಳ್ತಾರ ಬಿಡ್ರಿ" ಎಂದು ನನ್ನ ಪರವಾಗಿ ಹೇಳಿದಳು. ಬೈದಿದ್ದರೆ ಇದಕ್ಕಿಂತ ಹಿತವಾಗಿರುತ್ತಿತ್ತು.

ಅವ್ವನನ್ನು ತಂಗಿಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ತಂಗಿ ಎದ್ದು ಬಂದು ನನ್ನ ಕೊರಳಿಗೆ ಬಿದ್ದಳು. ಬೆಳಗಿನಿಂದ ಅತ್ತು ಅವಳ ದನಿ ಒಡೆದಿತ್ತು. ಆ ಒಡೆದ ದನಿಯಲ್ಲೇ ಶುರು ಮಾಡಿದಳು.

"ಏಳವ್ವಾ, ಅಕ್ಕ ಬಂದಾಳ ಏಳವ್ವಾ. ನೀ ಕೊಪ್ಪಿ ಹಾಕಿ ಸಾಲಿಗಿ ಬಿಟ್ಟ ಮಗಳು ಬಂದಾಳ ಏಳವ್ವಾ."

ನಾನು ಬೆಚ್ಚಿದೆ. ಅದು ನನ್ನ ಒಂದನೇ ಅಂಶ. ಆ ಮಳೆಗಾಲದಲ್ಲಿ ಇವಳಿನ್ನೂ ತೊಟ್ಟಿಲಲ್ಲಿದ್ದಳು.

"ಬೆನ್ನ ಮ್ಯಾಲ ಹೊತ್ತು ದವಾಖಾನಿಗಿ ನಡೆದೆವ್ವಾ, ಆ ಬೆನ್ನು ಇವತ್ತು ಗೋಡಿಗಿ ಆತೇನವ್ವಾ."

ಎರಡು. ಹಾಸ್ಟೆಲ್ಲಿನ ಶೇಂಗಾ ಹಿಂಡಿಯೂ ಬಂತು. ಅದು ಮೂರು. ನಾನು ಮನಸ್ಸಿನಲ್ಲಿ ಒಂದೊಂದೇ ಹೊಡೆದು ಹಾಕುತ್ತಿದ್ದೆ. ಇವನ್ನೆಲ್ಲ ಇವಳಿಗೆ ಹೇಳಿದವಳು ಅವ್ವನೇ, ಬೇರೆ ಯಾರೂ ಇರಲು ಸಾಧ್ಯವಿಲ್ಲ. ನನ್ನ ಬಾಲ್ಯವನ್ನೂ ಅವ್ವ ಇವಳಿಗೇ ಹಂಚಿಬಿಟ್ಟಿದ್ದಳು. ನನ್ನ ನೆನಪು ಇವಳ ಬಾಯಲ್ಲಿ ನನಗಿಂತ ಚೆನ್ನಾಗಿ ಅಳುತ್ತಿತ್ತು. ಹೆಂಗಸರೆಲ್ಲ ಬಿಕ್ಕುತ್ತಿದ್ದರು. ನಾನು ಕಲ್ಲಿನ ಹಾಗೆ ನಿಂತಿದ್ದೆ. ಇರಲಿ, ನಾಲ್ಕನೆಯದು ಇದೆಯಲ್ಲ ಎಂದು ಹಲ್ಲು ಕಚ್ಚಿದೆ.

ಮಣ್ಣಿಗೆ ಎತ್ತುವ ಹೊತ್ತಾಯಿತು. ನನ್ನವರೂ ನಮ್ಮ ಮಗನೂ ಬಂದು ಮುಟ್ಟಿದ್ದರು. ನಾನು ಅವ್ವನ ಕಿವಿಯ ಹತ್ತಿರ ಹೋಗಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ತಂಗಿ ಅವ್ವನ ಕಾಲು ಹಿಡಿದುಕೊಂಡಳು.

"ಕಟ್ಟಿ ಬರಿದಾತಲ್ಲ ಯವ್ವಾ. ಹಾದಿ ನೋಡಿ ಇನ್ನ ಅಲಾಸ್ ಅನ್ನೋರು ಯಾರವ್ವಾ."

ಸುತ್ತಲಿದ್ದ ಯಾರಿಗೂ ಆ ಶಬ್ದ ತಿಳಿಯಲಿಲ್ಲ. ಅಳುವಿನಲ್ಲಿ ಎಂಥದೋ ಒಂದು ಅಂದಳು ಎಂದುಕೊಂಡಿರಬೇಕು. ನನಗೆ ಮಾತ್ರ ಮೈಯೆಲ್ಲ ಬೆಂಕಿ ಹತ್ತಿತು. ಅದೂ ಹೋಯಿತು. ಒಲೆಯ ಮುಂದಿನ ಅದೊಂದನ್ನಾದರೂ ಅವ್ವ ನನಗೆಂದು ಇಡಲಿಲ್ಲ. ಇವಳಿಗೆ ಯಾವಾಗ ಕೊಟ್ಟಳು, ಎಷ್ಟು ಸಲ ಕೊಟ್ಟಳು, ಇಬ್ಬರೂ ಸೇರಿ ಎಷ್ಟು ನಕ್ಕರು. ಆ ಸಿಟ್ಟಿಗೆ ನನ್ನ ದನಿ ಹೊರಬಿತ್ತು. ನಾನು ಎದೆ ಬಡಿದುಕೊಂಡು ಅತ್ತೆ. ರಾಗವಿರಲಿಲ್ಲ, ಶಬ್ದವಿರಲಿಲ್ಲ, ಬರೀ ಕೂಗು. ಅಗಸಿಯ ಮುದುಕಿ ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, "ಅಳು, ಅಳು. ಈಗ ಬಂತು ನೋಡ್ರಿ ಹಿರೇಮಗಳ ದುಃಖ" ಅಂದಳು. ಅದು ದುಃಖವಲ್ಲ, ಹೊಟ್ಟೆಕಿಚ್ಚು ಎಂದು ಅವಳಿಗೆ ಹೇಗೆ ತಿಳಿಯಬೇಕು.

ಅಲ್ಲಿಂದ ಮಾತಾಡಿಸಲು ಬರುವವರ ದಿನಗಳು. ನೆಂಟರು ಒಬ್ಬೊಬ್ಬರಾಗಿ ಬರುವುದು, ಬಾಗಿಲಲ್ಲೇ ನಮ್ಮ ಕೊರಳಿಗೆ ಬಿದ್ದು ಅಳುವುದು, ಮುಖ ತೊಳೆದು ಚಹಾ ಕುಡಿಯುವುದು, ಬೆಳೆ ಮಳೆ ಮಾತಾಡಿ ಹೋಗುವುದು. ಪ್ರತಿಯೊಬ್ಬರ ಜೊತೆಗೂ ತಂಗಿ ಹೊಸದಾಗಿ ಅಳುವಳು. ನಾನು ಚಹಾ ಸೋಸುವ ಕೆಲಸ ಹಿಡಿದೆ. ಅವಳೊಡನೆ ಅಗತ್ಯಕ್ಕೆ ಬೇಕಾದಷ್ಟೇ ಮಾತು. ಅವಳೂ ಕೆದಕಲಿಲ್ಲ. ಅವ್ವನ ಸೀರೆಗಳನ್ನು ಮುಂದಿಟ್ಟು, "ನಿನಗ ಯಾವುದು ಬೇಕು ಆರಿಸ್ಕೋ ಅಕ್ಕಾ" ಅಂದಾಗ, "ಎಲ್ಲಾ ನೀನ ಇಟ್ಕೋ. ಎಲ್ಲಾ ನಿಂದ ಅಲ್ಲೇನು" ಎಂದು ಚುಚ್ಚಿದೆ. ಅವಳು ನನ್ನನ್ನು ಒಮ್ಮೆ ನೋಡಿ ಸೀರೆಗಳನ್ನು ಮತ್ತೆ ಗಂಟು ಕಟ್ಟಿಟ್ಟಳು.

ಆರನೇ ದಿನ ಮಧ್ಯಾಹ್ನ ಬರುವವರ ಗದ್ದಲ ಕಡಿಮೆಯಿತ್ತು. ಅವ್ವನ ದಿನಕರ್ಮದ ಊಟಕ್ಕೆಂದು ಇಬ್ಬರೂ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆವು. ಸುರಪುರದ ಬಸ್ಸು ಬಂದು ನಿಂತಿತು. ತಂಗಿ ಕೈ ನಿಲ್ಲಿಸಿದಳು. ಇಬ್ಬರು ಇಳಿದರು, ಒಬ್ಬ ಹತ್ತಿದ, ಬಸ್ಸು ಹುಣಸಗಿಯ ಕಡೆ ಹೋಯಿತು. ತಂಗಿ ಕಟ್ಟೆಯ ಖಾಲಿ ಮೂಲೆಯತ್ತ ನೋಡಿ ಮತ್ತೆ ಕಲ್ಲು ಆರಿಸತೊಡಗಿದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಆ ಅಲಾಸ್ ಅನ್ನೋದು ನಿನಗ ಯಾರು ಹೇಳಿಕೊಟ್ರು?"

"ಯಾರು ಹೇಳಿಕೊಡಬೇಕು? ಅವ್ವ ದಿನಾ ಅಂತಿದ್ಳಲ್ಲ."

"ದಿನಾ? ನಿನ್ನ ಮುಂದ?"

"ನನ್ನ ಮುಂದಲ್ಲ. ಈ ಮೂಲ್ಯಾಗ ಕುಂಡ್ರತಿದ್ಳು. ಹನ್ನೆರಡರ ಬಸ್ಸು ಬರೋದು, ಮಂದಿ ಇಳಿಯೋದು, ಬಸ್ಸು ಹೋಗೋದು. ಹೋದ ಮ್ಯಾಲ ಮೆಲ್ಲಕ ಅಲಾಸ್ ಅಂದು ಒಳಗ ಬರ್ತಿದ್ಳು. ಇನ್ನ ಉಣ್ಣಾಕ ನೀಡು ಅಂತಿದ್ಳು."

ನನ್ನ ಕೈ ಜೋಳದಲ್ಲೇ ನಿಂತಿತು.

"ಹಂಗಂದ್ರೇನು ಅಂತ ನೀ ಕೇಳಲಿಲ್ಲೇನು?"

"ಕೇಳೀನಿ. ನಿಮ್ಮಕ್ಕ ಕಲಿಸಿದ್ದು, ನಿನಗ ತಿಳಿಯಂಗಿಲ್ಲ ಅಂದ್ಳು. ಆಮ್ಯಾಲ ನಾನ ತಿಳಕೊಂಡೆ. ಅದಕ್ಕೇನು ದೊಡ್ಡ ಶಾಣ್ಯಾತನ ಬೇಕು? ನೀ ಬಸ್ಸಿನಾಗಿಂದ ಇಳಿದ ದಿನ ಅಂತಿರಲಿಲ್ಲ. ಇಳೀಲಾರದ ದಿನ ಅಂತಿದ್ಳು. ಅಲಾಸ್ ಅಂದ್ರ, ಇವತ್ತೂ ಅಕ್ಕ ಬರಲಿಲ್ಲ ಅಂತ."

ಈ ಮನೆಯಲ್ಲಿ ಕೂತು ಅವ್ವ ಅಯ್ಯೋ ಅನ್ನುವ ಹಾಗಿರಲಿಲ್ಲ. ಅಂದರೆ ಇಷ್ಟು ಮಾಡುವ ಸಣ್ಣ ಮಗಳಿಗೆ ನೋವು, ಅಳಿಯನಿಗೆ ಸಿಟ್ಟು, ಓಣಿಗೆಲ್ಲ ಸುದ್ದಿ. ಯಾರೂ ಓಡಿ ಬರದ ಶಬ್ದ ಅವಳ ಹತ್ತಿರ ಒಂದೇ ಇತ್ತು. ಅದನ್ನು ಕೊಟ್ಟವಳು ನಾನು. ಹತ್ತು ವರ್ಷ ಅದನ್ನು ದಿನಾ ಅನ್ನುವಂತೆ ಮಾಡಿದವಳೂ ನಾನೇ. ನನ್ನ ಹೊಟ್ಟೆಕಿಚ್ಚು ನನ್ನನ್ನು ಶಹಾಪುರದಲ್ಲಿ ಕಟ್ಟಿಹಾಕಿದ ಒಂದೊಂದು ಐತವಾರವೂ ಈ ಕಟ್ಟೆಯ ಮೇಲೆ ಒಂದೊಂದು ಅಲಾಸ್ ಆಗಿತ್ತು.

ತಂಗಿ ತಲೆ ಎತ್ತದೆ ಕಲ್ಲು ಆರಿಸುತ್ತಲೇ ಮಾತು ಮುಂದುವರಿಸಿದಳು. ಊರಿನ ಸಾವಿಗೆಲ್ಲ ಅಳುವವಳ ಕಣ್ಣಲ್ಲಿ ಆಗ ಒಂದು ಹನಿ ಇರಲಿಲ್ಲ.

"ಹತ್ತು ವರ್ಷ ನೀರು ಕಾಸಿ ಹಾಕೀನಿ, ತಲಿ ಬಾಚೀನಿ. ನನ್ನ ಸಲುವಾಗಿ ಒಂದ ಸಲ ಅಲಾಸ್ ಅನ್ನಲಿಲ್ಲ. ಒಮ್ಮೆ ಬೇಕಂತನ ಹುಣಸಗಿಗಿ ಹೋಗಿ ಸಂಜೀತನ ಬರಲಿಲ್ಲ. ಏನಂತಾಳ ನೋಡೂಣು ಅಂತ. ಬಂದ ಕೂಡ್ಲೆ, ಎಲ್ಲಿಗಿ ಹೋಗಿದ್ದಿ, ಎಮ್ಮಿ ಹಿಂಡಿಲ್ಲ ಅಂದ್ಳು. ಅಷ್ಟ." ಒಂದು ಕಲ್ಲು ಸಿಕ್ಕಿತು, ಅದನ್ನು ಬೀದಿಗೆ ಎಸೆದಳು. "ನಿನ್ನ ಮ್ಯಾಲ ನನಗೆಷ್ಟು ಹೊಟ್ಟಿಕಿಚ್ಚಿತ್ತು ಅನ್ನೋದು ನಿನಗೇನು ಗೊತ್ತಕ್ಕಾ."

ಆಮೇಲೆ ಮೊರ ಬದಿಗಿಟ್ಟು ನನ್ನತ್ತ ತಿರುಗಿದಳು.

"ಖರೇ ಅರ್ಥ ಏನದು? ನೀ ಟೀಚರ್ ಇದ್ದಿ, ಹೇಳು."

ಇಪ್ಪತ್ನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದ ಅರ್ಥ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಲಿಲ್ಲ.

"ನೀ ತಿಳಕೊಂಡದ್ದ ಬರೋಬ್ಬರಿ ಐತಿ" ಎಂದೆ.

ಅವಳು ತಲೆಯಾಡಿಸಿದಳು. ನನ್ನ ಮನಸ್ಸು ಮಾತ್ರ ಇನ್ನೂ ಅಲ್ಲೇ ಸುತ್ತುತ್ತಿತ್ತು. ನಾನು ಇಳಿದ ದಿನ ಅವ್ವ ಅದನ್ನು ಅನ್ನುತ್ತಿರಲಿಲ್ಲ. ಅಂದ ದಿನ ನಾನು ಇಲ್ಲಿರುತ್ತಿರಲಿಲ್ಲ. ನನಗೆಂದೇ ಅಂದ ಆ ಮಾತನ್ನು ಹತ್ತು ವರ್ಷ ಕೇಳಿದವಳು ಇವಳು. ಅದಕ್ಕೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

"ಹೆಂಗಂತಿದ್ಳು?" ಎಂದೆ. "ಒಮ್ಮೆ ಅಂದು ತೋರಿಸು."

ತಂಗಿ ಎದ್ದು ಕಟ್ಟೆಯ ಆ ಮೂಲೆಗೆ ಹೋಗಿ ಅವ್ವ ಕೂರುತ್ತಿದ್ದ ಹಾಗೆ ಒಂದು ಮೊಣಕಾಲು ಎತ್ತಿ ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಸ್ಸು ಹೋದ ದಾರಿಯನ್ನು ನೋಡಿದಳು.

"ಅಲಾಸ್" ಅಂದಳು.

ಹಾಸ್ಟೆಲಿಗೆ ಹೊರಟ ದಿನ ಬಸ್ಸಿನ ಕಿಟಕಿಯಲ್ಲಿ ನಾನು ನಕ್ಕುಬಿಟ್ಟಿದ್ದ ಅದೇ ದನಿ. ನಾನು ಮೊರದ ಮೇಲೆ ಬಗ್ಗಿ ಅತ್ತೆ. ಓಣಿಯ ಬಾಗಿಲುಗಳೆಲ್ಲ ತೆರೆದೇ ಇದ್ದವು. ಯಾರೂ ಬರಲಿಲ್ಲ.